ಅಟ್ಟಕ್ಕೊಂದು ರೈನ್‌ಕೋಟು

ಬಿರುಗಾಳಿ ಬರುತ್ತದೆ ಅಂದರೆ ನನಗೆ ಹೆದರಿಕೆಯಾಗುವುದಿಲ್ಲ, ಖುಷಿಯಾಗುತ್ತದೆ. ಇದನ್ನು ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ. ತೆಂಗಿನ ತೋಟ ಇಟ್ಟುಕೊಂಡವಳು ಆಡುವ ಮಾತೇ ಇದು ಎಂದು ತಿಪಟೂರು ಸೀಮೆಯವರೆಲ್ಲ ಬೈದಾರು. ಆದರೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯಾಗಿ ಮನೆಯಲ್ಲಿ ಕೂತವಳ ಕಷ್ಟ ಕೂತವಳಿಗೇ ಗೊತ್ತು. ಮನೆಯಲ್ಲಿ ಎಮರ್ಜೆನ್ಸಿ ಎಂಬುದೇ ಇರುವುದಿಲ್ಲ. ಹಾಲು ಉಕ್ಕಿದರೆ ಒಂದು, ಗ್ಯಾಸ್ ಮುಗಿದರೆ ಇನ್ನೊಂದು. ಹೀಗಿರುವಾಗ ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಒಮ್ಮೆಲೇ ನಿಂತು, ತೋಟದಲ್ಲಿ ಒಂದು ಗರಿಯೂ ಅಲುಗದೆ, ಮೂಡಲ ದಿಕ್ಕಿನ ಮೋಡ ಸ್ಲೇಟಿನ ಬಣ್ಣಕ್ಕೆ ತಿರುಗಿತೆಂದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಆಂಬುಲೆನ್ಸು ಗೇಟಿನೊಳಕ್ಕೆ ತಿರುಗಿದ ಸದ್ದು ಕೇಳಿದ ಹಾಗೆ.

ನಮ್ಮ ಕಾಲದಲ್ಲಿ ಒಬ್ಬ ಮೇಟ್ರನ್ ಇದ್ದರು. ಹಾಸಿಗೆಯ ಹೊದಿಕೆಯ ಮೂಲೆ ನಲವತ್ತೈದು ಡಿಗ್ರಿಗೆ ಮಡಿಸಿರದಿದ್ದರೆ ರೋಗಿಯನ್ನು ಎಬ್ಬಿಸಿ ನಿಲ್ಲಿಸಿಯಾದರೂ ಮತ್ತೆ ಹಾಸಿಸುತ್ತಿದ್ದರು. ಆಕೆಯ ಕೈಕೆಳಗೆ ಪಳಗಿದವಳು ನಾನು. ಈಗಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರಕ್ಕೆ ತೋಟದಲ್ಲಿ ರೌಂಡ್ಸ್ ಮುಗಿಸುತ್ತೇನೆ. ಹಾಗಾಗಿ ಈ ಸಲ ಭರಣಿ ಮಳೆಗೆ ಮುಂಚೆಯೇ ಅಡುಗೆಮನೆಯ ಬಾಗಿಲಿಗೆ ಡ್ಯೂಟಿ ಚಾರ್ಟ್ ಅಂಟಿಸಿದೆ. ಮೋಡ ಕಂಡು ನಾನು ಸೀಟಿ ಊದಿದ ಕೂಡಲೇ ಸೊಸೆ ರೇಖಾ ದೋಸೆಗೆ ರುಬ್ಬಿಡಬೇಕು; ಒಂದು ಕಂಬ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟಿಲ್ಲ. ಮಗ ಮಂಜು ಮೋಟರ್ ಹಾಕಿ ತೊಟ್ಟಿ ತುಂಬಿಸಬೇಕು. ಯಜಮಾನರು ಮರದಡಿಯಿಂದ ಎಮ್ಮೆ ಬಿಚ್ಚಿ ಕೊಟ್ಟಿಗೆಗೆ ತರಬೇಕು. ಎಂಬತ್ತೇಳು ವರ್ಷದ ಅತ್ತೆ ನಡುಮನೆಯಲ್ಲಿ ಕೂತಿರಬೇಕು. ಚಾರ್ಟನ್ನು ಓದಿ ಹೇಳಿದಾಗ ಅತ್ತೆ ಮೊಮ್ಮಗನತ್ತ ತಿರುಗಿ, "ನೋಡ್ಲಾ ಮಂಜ, ಕೂತ್ಕಳಾಕೂ ಡೂಟಿ ಹಾಕವ್ಳೆ ನಿಮ್ಮವ್ವ" ಎಂದು ದೂರು ಕೊಟ್ಟರು.

ಇಷ್ಟೆಲ್ಲ ಮಾಡಿದರೂ ನನ್ನ ಪ್ರಾಣವಿದ್ದದ್ದು ಅಟ್ಟದ ಮೇಲೆ. ನಮ್ಮ ಕಡೆ ತೆಂಗಿನಕಾಯಿ ಕಿತ್ತ ತಕ್ಷಣ ಮಾರುವವರು ಕಡಿಮೆ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಇಳಿಸಬೇಕು. ಇಡೀ ಮನೆಯ ಒಂದು ವರ್ಷ ಹೀಗೆ ನಮ್ಮ ತಲೆಯ ಮೇಲೆ ಸದ್ದಿಲ್ಲದೆ ಮಲಗಿರುತ್ತದೆ. ಹೋದ ಬೇಸಿಗೆಯ ಗಾಳಿ ಆರೇಳು ಹೆಂಚು ಹಾರಿಸಿ, ನೀರು ನುಗ್ಗಿ, ಅರ್ಧ ಅಟ್ಟದ ಕಾಯಿ ಕೊಳೆತುಹೋಗಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಸುರಿಯುವಾಗ ಯಜಮಾನರು ಒಂದು ಮಾತೂ ಆಡಲಿಲ್ಲ. ಮಾತಾಡದ ರೋಗಿಯೇ ಹೆಚ್ಚು ನೋವಿನಲ್ಲಿರುತ್ತಾನೆಂದು ನನಗೆ ಗೊತ್ತು. ಅವತ್ತೇ ನಿಶ್ಚಯಿಸಿದೆ: ಮುಂದಿನ ವರ್ಷ ಈ ಅಟ್ಟದ ಮೇಲೆ ಒಂದು ಹನಿ ಬೀಳಬಾರದು.

ತಿಪಟೂರಿನಲ್ಲಿ ಜೀಪಿನ ಹುಡ್ಡು, ಬೈಕಿನ ಸೀಟು ಹೊಲಿಯುವ ಬಾಷಾನ ಅಂಗಡಿಗೆ ಹೋದೆ. ನನ್ನ ವಾರ್ಡಿನಲ್ಲೇ ಹುಟ್ಟಿದವನು, ಸಲಿಗೆ ಹೆಚ್ಚು. ಒಂದು ರೈನ್‌ಕೋಟು ಹೊಲಿಯಬೇಕು ಎಂದೆ.

"ಯಾರ್ ಅಳತೆ ಅಕ್ಕಾ?"

"ಅಟ್ಟದ್ದು."

ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಬರೆದು ತಂದಿದ್ದ ಉದ್ದ, ಅಗಲ, ಎತ್ತರದ ಚೀಟಿ ಕೊಟ್ಟೆ. ಕಾಯಿಯ ರಾಶಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಸುತ್ತಿಕೊಂಡು ಒಂದೆಡೆ ಜಿಪ್ ಎಳೆದರೆ ಮುಚ್ಚಿಕೊಳ್ಳಬೇಕು, ಅಂಥ ಟಾರ್ಪಾಲಿನ ಕೋಟು.

"ಹದಿನೈದು ವರ್ಷ ಆಯ್ತು ಮಿಷಿನ್ ತುಳ್ಯಾಕ್ ಹಿಡ್ದು, ತೆಂಗಿನ್‌ಕಾಯ್ಗೆ ಕೋಟ್ ಹೊಲ್ದಿರ್ಲಿಲ್ಲ ಕಣಕ್ಕ. ಜೇಬು ಇಡ್ಲಾ, ಬ್ಯಾಡ್ವಾ?"

"ಹೊಲಿಗೆ ಒಂದೇ ನೇರಕ್ಕೆ ಇರಲಿ. ಅಷ್ಟು ಸಾಕು" ಎಂದೆ.

ಕೋಟು ಬಂತು. ಕಡುನೀಲಿ. ಅಟ್ಟಕ್ಕೆ ತೊಡಿಸಲು ನಾಲ್ಕು ಜನಕ್ಕೆ ಅರ್ಧ ದಿನ ಹಿಡಿಯಿತು. ರಾಶಿಯನ್ನು ಒಂದು ಕಡೆಗೆ ಸರಿಸಿ, ಅಡಿಯಲ್ಲಿ ಹಾಸಿ, ಮತ್ತೆ ಈ ಕಡೆಗೆ ಸರಿಸಿ. ಕೊನೆಗೆ ನಾನೇ ಏಣಿ ಹತ್ತಿ ಮೂಲೆಗಳನ್ನು ನಲವತ್ತೈದು ಡಿಗ್ರಿಗೆ ಮಡಿಸಿ ಜಿಪ್ ಎಳೆದೆ. ಯಜಮಾನರು ಕೆಳಗೆ ನಿಂತು, "ಇನ್ನು ಬತ್ತದೆ ಬುಡು ಮಳೆ, ನಿನ್ನ ಪರ್ಮಿಶನ್ ತಗಂಡು" ಎಂದರು. ಅತ್ತೆ ಮಾತ್ರ ನಗಲಿಲ್ಲ. ಕತ್ತೆತ್ತಿ ನೋಡಿ, "ಕಾಯ್ಗೂ ಉಸ್ರು ಬ್ಯಾಡ್ವೇನೆ?" ಎಂದು ಕೇಳಿದರು. ನಾನು ಕೇಳಿಸದವಳ ಹಾಗೆ ಏಣಿ ಮಡಿಸಿದೆ.

ಆಮೇಲೆ ಕಾಯುವುದು ಶುರುವಾಯಿತು. ಬಿರುಗಾಳಿಗೆ ಇಷ್ಟು ಸಿದ್ಧವಾದ ಮನೆ ಇಡೀ ತಾಲ್ಲೂಕಿನಲ್ಲಿರಲಿಲ್ಲ. ಬಿರುಗಾಳಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ದಂಡಿನಶಿವರದಿಂದ ತಂಗಿ ದಿನವೂ ಸಂಜೆ ಫೋನ್ ಮಾಡುವಳು: "ಅಕ್ಕಾ, ಏನ್ ಗಾಳಿ ಅಂತೀಯ! ನಿಂಬೆಹಣ್ಣಿನ ಗಾತ್ರ ಆಲಿಕಲ್ಲು ಕಣೇ. ನಿಮ್ ಕಡೆ?" ನಮ್ಮ ಕಡೆ ಬಿಸಿಲು. ಮೂರಕ್ಕೆ ಮೋಡ ಕಟ್ಟುವುದು, ನಾನು ಸೀಟಿ ಊದುವುದು, ರೇಖಾ ಹಿಟ್ಟು ರುಬ್ಬುವುದು, ಮೋಡ ತುರುವೇಕೆರೆ ಕಡೆಗೆ ಜಾರುವುದು. ಎಂಟು ದಿನ ಮೂರು ಹೊತ್ತೂ ದೋಸೆ ತಿಂದೆವು. ಒಂಬತ್ತನೆಯ ದಿನ ಸೀಟಿ ಊದಿದಾಗ ಎಮ್ಮೆ ತಾನೇ ಎದ್ದು ನಿಂತಿತು, ಯಜಮಾನರು ಏಳಲಿಲ್ಲ.

ಅದೇ ದಿನ ನಡುಮನೆಯಲ್ಲಿ ಡ್ಯೂಟಿಯ ಮೇಲೆ ಕೂತಿದ್ದ ಅತ್ತೆ ಮೂಗರಳಿಸಿ, "ಏನೋ ಕಮಟು ವಾಸ್ನೆ. ಅಟ್ಟ ಬೆವ್ತೈತೆ ಕಣೇ" ಎಂದರು. ನಾನು ಏಣಿ ಹತ್ತಿ ಜಿಪ್ ಎಳೆದೆ. ಒಳಗಿನಿಂದ ಹಬೆಯ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಟಾರ್ಪಾಲಿನ ಒಳಮೈ ತುಂಬ ನೀರಹನಿ. ಮೇಲಿನ ಸಾಲಿನ ಕಾಯಿಗಳ ಸಿಪ್ಪೆಯ ಮೇಲೆ ಬಿಳಿಯ ಬೂಷ್ಟು ಆಗಲೇ ಕಣ್ಣು ಬಿಡುತ್ತಿತ್ತು. ಅಟ್ಟಕ್ಕೆ ಕೆಳಗಿನಿಂದ ಒಲೆಯ ಶಾಖ, ಮೇಲೆ ಹೆಂಚಿನ ಸಂದಿಯ ಗಾಳಿ ಎರಡೂ ಬೇಕು. ನಾನು ಎರಡನ್ನೂ ಜಿಪ್ ಹಾಕಿ ನಿಲ್ಲಿಸಿದ್ದೆ. ಜ್ವರ ಬಂದ ಮಗುವಿಗೆ ಕಂಬಳಿ ಸುತ್ತಿಕೊಂಡು ಬರುವ ತಾಯಂದಿರನ್ನು ಮೂವತ್ತನಾಲ್ಕು ವರ್ಷ ಗದರಿಸಿದವಳು ನಾನು!

"ಮೊದ್ಲು ಕೋಟ್ ಬಿಚ್ಚು, ಆಮೇಲ್ ನಿಂತು ನೋಡೀವಂತೆ" ಎಂದು ಯಜಮಾನರು ಮೇಲೆ ಬಂದರು. ಮಂಜು, ರೇಖಾ ಕೂಡ ಹತ್ತಿದರು. ಕೋಟನ್ನು ಎಳೆದು ಅಂಗಳಕ್ಕೆಸೆದು, ಅಟ್ಟದ ಎರಡೂ ಕಿಟಕಿ ತೆರೆದು, ಒಂದೊಂದೇ ಕಾಯಿ ಒರೆಸಿ ತಿರುವಿ ಇಡತೊಡಗಿದೆವು. ಕಾಲು ಭಾಗ ಆಗಿತ್ತೋ ಇಲ್ಲವೋ, ಹೊರಗೆ ಕತ್ತಲಾಯಿತು. ಎಂಟು ದಿನ ಕೈಕೊಟ್ಟ ಬಿರುಗಾಳಿ ಒಂಬತ್ತನೆಯ ದಿನ ಬಂದೇಬಿಟ್ಟಿತು, ಚಾರ್ಟಿನ ಪ್ರಕಾರ ಒಬ್ಬರೂ ತಮ್ಮ ಜಾಗದಲ್ಲಿಲ್ಲದ ಹೊತ್ತಿನಲ್ಲಿ.

"ಕಿಟಕಿ ಹಾಕಿ!" ಎಂದು ಕೂಗಿದೆ.

"ಬ್ಯಾಡ, ಇರ್ಲಿ. ಮಳೆ ಇನ್ನೂ ಹಿಂದೈತೆ. ಗಾಳಿ ಕುಡ್ಕಳ್ಳಿ ಅವು" ಎಂದರು ಯಜಮಾನರು.

ಅರ್ಧ ಗಂಟೆ ಒಣಗಾಳಿ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೊರಟಿತು. ನಾವು ನಾಲ್ವರೂ ಹುಚ್ಚರ ಹಾಗೆ ಕಾಯಿ ತಿರುವಿದೆವು. ಸೀರೆಯ ಸೆರಗು ಸೊಂಟಕ್ಕೆ, ಕೂದಲ ತುಂಬ ತೆಂಗಿನ ನಾರು, ನನಗೆ ಇಪ್ಪತ್ತೈದು ವರ್ಷದ ಹುರುಪು. ಮಳೆ ಬಿದ್ದ ಮೇಲೆ ಕಿಟಕಿ ಮುಚ್ಚಿದೆವು. ಈಗ ಹೆಂಚುಗಳು ಏಳತೊಡಗಿದವು. ಆದರೆ ನಾವು ಅಲ್ಲೇ, ಕೈಗೆಟಕುವಷ್ಟು ಹತ್ತಿರ ಇದ್ದೆವಲ್ಲ. ಏಳುವ ಹೆಂಚನ್ನು ಒಳಗಿನಿಂದಲೇ ಹಿಡಿದು ಕೂರಿಸಿದೆವು. ಕೆಳಗೆ ಏಣಿಯ ಬುಡದಲ್ಲಿ ಅತ್ತೆ ಕೋಲು ಹಿಡಿದು ನಿಂತು, "ಎಡ್ಗಡೆ ಸೋರ್ತೈತೆ ಕಣ್ಲಾ ಮಂಜ! ರೇಖಾ, ನಿನ್ ತಲೆ ಮ್ಯಾಲೇ ನೋಡವ್ವ! ಲೇ ಸಿಸ್ಟ್ರೇ, ಮೂಲೆ, ಮೂಲೆ!" ಎಂದು ಗದರುತ್ತಿದ್ದರು. "ಆಯ್ತು ಅತ್ತೆ, ಆಯ್ತು ಅತ್ತೆ" ಎನ್ನುತ್ತಾ ನಾನು ಮೂಲೆಯಿಂದ ಮೂಲೆಗೆ ಮಂಡಿಯೂರಿ ಓಡಿದೆ. ಇಷ್ಟು ಒಳ್ಳೆಯ ಮೇಟ್ರನ್ ಒಂದೇ ಸೂರಿನಡಿ ಇಷ್ಟು ವರ್ಷದಿಂದ ಇದ್ದದ್ದು ನನಗೆ ತಿಳಿದೇ ಇರಲಿಲ್ಲ.

ಮಳೆ ನಿಂತಾಗ ಯಜಮಾನರು ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಗಡಗಡ ಅಂದಿತು. ಇನ್ನೊಂದು ಎತ್ತಿದರು, ಅದೂ ಅಂದಿತು. ಅದನ್ನು ನನ್ನ ಕೈಗಿಟ್ಟರು. ನಾನೂ ಅಲ್ಲಾಡಿಸಿ ಕೇಳಿದೆ, ಬೇಕಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ.

ಅಂಗಳಕ್ಕಿಳಿದು ನೋಡಿದರೆ ಎಮ್ಮೆ ತಾನಾಗಿ ಹಗ್ಗ ಕಿತ್ತುಕೊಂಡು ಕೊಟ್ಟಿಗೆ ಸೇರಿತ್ತು. ಬಕೆಟ್ಟು, ಪೊರಕೆ, ಬೆರಣಿ, ಎಲ್ಲ ಇಟ್ಟಲ್ಲೇ ಇದ್ದವು. ಇಡೀ ಮನೆಯಲ್ಲಿ ಬಿರುಗಾಳಿಗೆ ಹಾರಿಹೋದದ್ದು ಒಂದೇ ವಸ್ತು, ಬಿರುಗಾಳಿಗೆಂದು ಹೊಲಿಸಿದ್ದು. ಅದು ತೋಟದ ಅತಿ ಎತ್ತರದ ಮರದ ಸುಳಿಗೆ ಸಿಕ್ಕಿಕೊಂಡು, ಎರಡು ಗರಿಗಳನ್ನು ತೋಳಿನೊಳಗೆ ತೂರಿಸಿಕೊಂಡ ಹಾಗೆ ನಿಂತಿತ್ತು. ಮರ ಹತ್ತುವ ರಂಗಪ್ಪ ಕತ್ತೆತ್ತಿ ನೋಡಿ, "ಒದ್ದೆ ಮರ ಜಾರ್ತದೆ ಕಣ್ರಮ್ಮ, ಮಳೆಗಾಲ ಕಳೀಲಿ ಬುಡಿ" ಎಂದು ಬೀಡಿ ಹಚ್ಚಿದ. ಆ ದಾರಿಯಲ್ಲಿ ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಪಕ್ಕದಲ್ಲಿ ನಿಂತ ಯಜಮಾನರು, "ಏನೇ ಹೇಳು, ಅಳ್ತೆ ಸರ್ಯಾಗ್ ಕೂತೈತೆ" ಎಂದರು.

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಚೆನ್ನಾಗಿ ಪರೀಕ್ಷಿಸಿದೆ. ಭುಜದ ಹತ್ತಿರ ಸ್ವಲ್ಪ ಬಿಗಿ.