ಹನ್ನೆರಡು ಬಕೆಟ್ ಸಗಣಿ ಮತ್ತು ಒಂದು ಸಮಾರೋಪ

ಸಮಾರಂಭ ಎಂದರೆ ನಮ್ಮ ಕಾಲೇಜಿನಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಹಾರ ಎಷ್ಟುದ್ದ ಇರಬೇಕು, ಮೈಕು ಯಾವ ಗಳಿಗೆಯಲ್ಲಿ ಕೈಕೊಡುತ್ತದೆ, ಅತಿಥಿಗೆ ಬೋಂಡವೋ ಬಿಸ್ಕತ್ತೋ, ಎಲ್ಲವೂ ನನಗೆ ಕರತಲಾಮಲಕ. ಪ್ರಾಣಿಶಾಸ್ತ್ರದ ಪಾಠ ನನ್ನ ಉದ್ಯೋಗ. ಸಮಾರಂಭ ನನ್ನ ಪ್ರತಿಭೆ. ಹೀಗಾಗಿ ಬಿ.ಎಸ್ಸಿ. ಮಕ್ಕಳ ಬೇಸಿಗೆ ಸಂಶೋಧನಾ ಕಾರ್ಯಕ್ರಮ ಮುಗಿಯುತ್ತ ಬಂದಾಗ, "ಸಮಾರೋಪದ ಚಿಂತೆ ನನಗೆ ಬಿಡಿ ಸಾರ್" ಎಂದು ಪ್ರಿನ್ಸಿಪಾಲರಿಗೆ ಎದೆ ತಟ್ಟಿ ಹೇಳಿದೆ. ಅವರು ನಂಬಿದರು. ಪಾಪ!

ಆ ಕಾರ್ಯಕ್ರಮದಲ್ಲಿ ಮಾರ್ಗದರ್ಶಕನಾದ ನನ್ನ ಪಾಲಿಗೆ ಬಂದವಳು ಕ್ಯಾಸಂಬಳ್ಳಿಯ ನಾಗರತ್ನ. ಅವರ ಮನೆಯಲ್ಲಿ ನಾಲ್ಕು ಹಸು. ಹಸುವಿಗೆ ಜಂತುಹುಳುವಿನ ಔಷಧಿ ಕುಡಿಸಿದ ಮೇಲೆ ಅದರ ಸಗಣಿಯಲ್ಲಿ ಸಗಣಿಹುಳುಗಳು ಉಳಿಯುವುದಿಲ್ಲ ಎಂಬುದನ್ನು ಅವಳು ಹಿತ್ತಲಲ್ಲೇ ಗಮನಿಸಿದ್ದಳಂತೆ. "ಯಾಕೆ ಸಾರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಮೇಷ್ಟ್ರುಗಳು ಹೇಳುವುದನ್ನೇ ಹೇಳಿದೆ: "ಒಳ್ಳೇ ಪ್ರಶ್ನೆ. ನೀನೇ ಕಂಡುಹಿಡಿ!"

ಅವಳು ಹೊರಟೇಬಿಟ್ಟಳು. ಹನ್ನೆರಡು ಬಕೆಟ್ ತಂದು ಲ್ಯಾಬಿನ ಹಿಂದಿನ ವರಾಂಡದಲ್ಲಿ ಇಟ್ಟಳು. ತಳದಲ್ಲಿ ಮಣ್ಣು, ಮೇಲೆ ತೂಕ ಮಾಡಿದ ಸಗಣಿ, ಒಂದೊಂದರಲ್ಲೂ ಐದೈದು ಹುಳು. ಔಷಧಿ ಕುಡಿದ ಹಸುವಿನ ಸಗಣಿ ಇದ್ದ ಆರು ಬಕೆಟ್ಟಿನ ಬಾಯಿಗೆ ಕೆಂಪು ಬಟ್ಟೆ, ಕುಡಿಯದ ಹಸುವಿನ ಸಗಣಿಯ ಆರಕ್ಕೆ ನೀಲಿ ಬಟ್ಟೆ. ವಾರವಾರ ಹಾಕುವ ಹೊಸ ಸಗಣಿಯನ್ನೆಲ್ಲ ಊರಿಂದ ನಮ್ಮ ಕಾಲೇಜಿರುವ ರಾಬರ್ಟ್‌ಸನ್‌ಪೇಟೆಗೆ ಬಸ್ಸಿನಲ್ಲೇ ತಂದಳು. "ಏನಮ್ಮಾ ಇದು ವಾಸ್ನೆ?" ಎಂದು ಕಂಡಕ್ಟರು ಮೂಗು ಮುಚ್ಚಿಕೊಂಡರೆ, "ಸೈನ್ಸು ಕಣಣ್ಣ" ಎನ್ನುತ್ತಿದ್ದಳಂತೆ.

ಸಮಾರೋಪಕ್ಕೆ ಬೆಂಗಳೂರಿನಿಂದ ಒಬ್ಬ ತಜ್ಞೆ ಮೇಡಂ ಬರುವವರಿದ್ದರು. ಎಲ್ಲ ಮಕ್ಕಳ ಕೆಲಸ ನೋಡಿ, ಒಬ್ಬರನ್ನು ಮಾತ್ರ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಳ್ಳುತ್ತಾರೆ ಎಂಬ ಸುದ್ದಿಯಿತ್ತು. ನಾಗರತ್ನಳಿಗೆ ಆ ಜಾಗ ಬೇಕಾಗಿತ್ತು. ಬಾಯಿಬಿಟ್ಟು ಒಮ್ಮೆಯೂ ಕೇಳಲಿಲ್ಲ, ಆದರೆ ಎರಡು ತಿಂಗಳಲ್ಲಿ ಒಂದು ದಿನವೂ ರಜೆ ಹಾಕಲಿಲ್ಲ. ಉಳಿದಿದ್ದದ್ದು ಕೊನೆಯ ಒಂದೇ ಎಣಿಕೆ. ಸಮಾರೋಪದ ಬೆಳಗ್ಗೆ ಬಕೆಟ್ ಬಿಚ್ಚಿ, ಯಾವುದರಲ್ಲಿ ಎಷ್ಟು ಹುಳು ಬದುಕಿವೆ ಎಂದು ಎಣಿಸಬೇಕು. ಪ್ರಯೋಗವೆಲ್ಲ ನಿಂತಿದ್ದದ್ದು ಅದರ ಮೇಲೆ.

ಹಿಂದಿನ ದಿನ ನಾನು ಬಂಗಾರಪೇಟೆಯ ನಮ್ಮ ಮನೆಯಿಂದ ಸ್ಕೂಟರ್ ಹತ್ತುವಾಗ ನನ್ನ ಹೆಂಡತಿ ವಸಂತ ಕೇಳಿದಳು, "ಅಷ್ಟು ದೂರದಿಂದ ಬರ್ತಾರೆ, ಬಾಗ್ಲಿಗೊಂದು ರಂಗೋಲಿಯಾದ್ರೂ ಹಾಕಿಸ್ತೀರೋ ಇಲ್ವೋ?"

ಬರೀ ರಂಗೋಲಿಯೇ? ನನ್ನಂಥ ಪ್ರತಿಭಾವಂತ ಅಲ್ಲಿಗೇ ನಿಲ್ಲುತ್ತಾನೆಯೇ? ಲ್ಯಾಬಿನ ಮುಂದೆ ಮಣ್ಣಿನ ಅಂಗಳವಿದೆ, ಗಾಳಿ ಬೀಸಿದರೆ ಧೂಳು. ವಿಭಾಗದ ಆಯಾ ಮುನಿಯಮ್ಮನನ್ನು ಕರೆದೆ. ಕಾಮಸಮುದ್ರದ ಕಡೆಯವರು, ಹೇಳಿದ ಕೆಲಸಕ್ಕೆ ನಾಲ್ಕರಷ್ಟು ಮಾಡುವವರು.

"ಅಮ್ಮ, ನಾಳೆ ಬೆಳಗ್ಗೆ ಅಂಗಳಾನೆಲ್ಲ ಸಗಣಿಯಲ್ಲಿ ಸಾರಿಸಿ ದೊಡ್ಡದಾಗಿ ರಂಗೋಲಿ ಹಾಕ್ಬಿಡಿ."

"ಅಷ್ಟಗಲ ಅಂಗ್ಳಕ್ಕೆ ಸಗಣಿ ಎಲ್ಲಿಂದ ತರ್ಲಿ ಸಾ?"

ನಾನಾಗ ಸ್ವಾಗತ ಭಾಷಣ ಬರೆಯುತ್ತಿದ್ದೆ. ಜ್ಞಾನದ ಹಣತೆ "ಬೆಳಗಲಿ" ಎನ್ನಲೋ "ಪ್ರಜ್ವಲಿಸಲಿ" ಎನ್ನಲೋ ಎಂಬ ಗಂಭೀರ ಸಮಸ್ಯೆ ಎದುರಿಗಿತ್ತು. ತಲೆ ಎತ್ತದೆ ಕೈ ಬೀಸಿದೆ. "ಹಿಂದೆ ವರಾಂಡದಲ್ಲಿ ಬಕೆಟ್ನಲ್ಲಿದೆಯಲ್ಲಮ್ಮ, ತಗೊಳ್ಳಿ."

ನನ್ನ ಮನಸ್ಸಿನಲ್ಲಿದ್ದದ್ದು ಮೂಲೆಯ ಒಂದು ಹಸಿರು ಬಕೆಟ್ಟು. ಪ್ರಯೋಗಕ್ಕೆ ಹಾಕಿ ಮಿಕ್ಕ ಸಗಣಿಯನ್ನು ನಾಗರತ್ನ ಅದರಲ್ಲಿ ಇಟ್ಟಿದ್ದಳು. ಆದರೆ ಮನಸ್ಸಿನಲ್ಲಿದ್ದದ್ದು ಬಾಯಿಗೂ ಬರಬೇಕಲ್ಲ! "ಪ್ರಜ್ವಲಿಸಲಿ" ಎಂದು ಬರೆದು ಮುಗಿಸಿದೆ.

ಮರುದಿನ ಎಂಟೂವರೆಗೆ ಗೇಟಿನೊಳಗೆ ಬಂದವನು ಸ್ಕೂಟರ್ ನಿಲ್ಲಿಸಿ ಹಾಗೇ ನಿಂತುಬಿಟ್ಟೆ. ಆಹಾ! ಅಂಗಳ ಈ ತುದಿಯಿಂದ ಆ ತುದಿಗೆ ಹಸಿರಾಗಿ ಮಿಂಚುತ್ತಿತ್ತು. ನಡುವೆ ಎಂಟು ದಳದ ಕಮಲ. ತಕ್ಷಣ ಫೋಟೋ ತೆಗೆದು "ನಮ್ಮ ಸಂಸ್ಕೃತಿ, ನಮ್ಮ ವಿಜ್ಞಾನ" ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಎರಡು ನಿಮಿಷಕ್ಕೆ ವಸಂತಳ ಫೋನು. ಹೊಗಳುತ್ತಾಳೆ ಎಂದುಕೊಂಡೆ.

"ರೀ, ಅಷ್ಟೊಂದು ಸಗಣಿ ಎಲ್ಲಿ ಸಿಕ್ತು?"

ಹೌದಲ್ಲ, ಆ ಒಂದು ಹಸಿರು ಬಕೆಟ್ಟಿನಲ್ಲಿ ಅಷ್ಟೆಲ್ಲಿತ್ತು? ಫೋನು ಕಿವಿಯಲ್ಲೇ ಇಟ್ಟುಕೊಂಡು ಹಿಂದಿನ ವರಾಂಡಕ್ಕೆ ಓಡಿದೆ.

ಹನ್ನೆರಡು ಬಕೆಟ್ಟೂ ಫಳಫಳ ತೊಳೆದು ಸಾಲಾಗಿ ಬೋರಲು ಹಾಕಿತ್ತು. ಮೇಲೆ ತಂತಿಯಲ್ಲಿ ಆರು ಕೆಂಪು ಬಟ್ಟೆ, ಆರು ನೀಲಿ ಬಟ್ಟೆ ಒಗೆದು ಒಣಹಾಕಿತ್ತು. ಕೆಳಗೆ ನಾಗರತ್ನ ನೋಟ್‌ಬುಕ್ ಎದೆಗೆ ಅವಚಿಕೊಂಡು ಕೂತಿದ್ದಳು. ಅಳುತ್ತಿದ್ದಳು.

"ಎಲ್ಡು ತಿಂಗ್ಳು ಬಸ್ಸಲ್ಲಿ ಒತ್ಕೊಂಡ್ ಬಂದೆ ಸಾರ್," ಅಂದಳು. ಅಷ್ಟೇ ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುನಿಯಮ್ಮ ದಿಗಿಲಾಗಿ ನಿಂತಿದ್ದರು. "ಸಾ ಏಳಿದ್ರು ತಾಯಿ, ಬಕೀಟಲ್ಲೈತೆ ತಗೋ ಅಂತ. ಆ ಅಸ್ರು ಬಕೀಟು ಒಣ್ಗಿ ಬೆರಣಿ ಆಗೋಗಿತ್ತು. ಅದ್ಕೇ ಇವೆಲ್ಲಾ ತಗೊಂಡೆ. ಸಾ, ನೀವೇ ಏಳಿದ್ದು ತಾನೆ?"

ನಾನೇ ಹೇಳಿದ್ದು. ಆದರೆ ತಪ್ಪೊಪ್ಪಿಕೊಳ್ಳಲು ಇದು ಸಮಯವೇ? ನಾಯಕನಾದವನು ಪರಿಹಾರ ಹುಡುಕಬೇಕು! "ಅಳಬೇಡಮ್ಮ, ಕೆರೆದು ವಾಪಸ್ ತೆಗೀತೀನಿ!" ಎಂದು ಘೋಷಿಸಿ, ಒಂದು ಖಾಲಿ ಕಸದ ಮೊರ ಹಿಡಿದು ಅಂಗಳಕ್ಕಿಳಿದೆ.

"ಸಾರ್, ಕೆಂಪಿಂದು ನೀಲೀದು ಎಲ್ಲಾ ಬೆರ್ತೋಗಿದೆ, ಕೆರೆದು ಏನ್ ಮಾಡ್ತೀರಾ?" ಎಂದು ನಾಗರತ್ನ ಹಿಂದಿನಿಂದ ಕೂಗಿದಳು. ನಿಜ, ಏನೂ ಮಾಡುವಂತಿರಲಿಲ್ಲ. ಆದರೂ ಕೈ ನಿಲ್ಲಿಸಲು ಧೈರ್ಯವಾಗಲಿಲ್ಲ. ಹೊಸ ಪ್ಯಾಂಟಿನಲ್ಲಿ ಮಂಡಿಯೂರಿ, ಕಮಲದ ನಾಲ್ಕು ದಳ ಕೆರೆದಿದ್ದೆ. ಆಗ ಕಾರು ಬಂತು. ಹನ್ನೊಂದಕ್ಕೆ ಬರಬೇಕಾದವರು ಒಂಬತ್ತೂವರೆಗೇ ಬಂದಿದ್ದರು!

ಮೇಡಂ ಕಾರಿನಿಂದಿಳಿದರು. ನಾನು ಮಂಡಿಯ ಮೇಲೇ ಕೈ ಮುಗಿದೆ. ಮೊಣಕೈವರೆಗೆ ಸಗಣಿ.

"ಅಯ್ಯೋ, ನೀವೇ ಸಾರಿಸ್ತಾ ಇದೀರಾ? ಎಂಥ ಸರಳತೆ ನಿಮ್ಮದು!" ಎಂದರು ಮೇಡಂ.

ಈಗ ಬರೆಯಲು ನಾಚಿಕೆಯಾಗುತ್ತದೆ. ನಾನು ಅಲ್ಲ ಎನ್ನಲಿಲ್ಲ. "ನಮ್ಮ ಕರ್ತವ್ಯ ಮೇಡಂ" ಎಂದುಬಿಟ್ಟೆ!

ಕೈ ತೊಳೆದು ಬರುವಷ್ಟರಲ್ಲಿ ವರಾಂಡದಲ್ಲಿ ಬೇರೆಯೇ ನಡೆದಿತ್ತು. ನಾಗರತ್ನ ಕಣ್ಣೊರೆಸಿಕೊಂಡು ಪೆನ್ನು ಬಿಚ್ಚಿದ್ದಳು. "ಮುನಿಯಮ್ಮಕ್ಕ, ಹುಳಗಳ್ನ ಏನ್ ಮಾಡ್ದೆ?"

"ಉಳ ಬಿದ್ದಿರೋ ಸಗಣೀಲಿ ಸಾರ್ಸಿದ್ರೆ ಬಂದೋರು ಏನಂದ್ಕೊಂತಾರೆ? ಒಂದೊಂದೇ ಆರ್ಸಿ ತೆಗ್ದೆ. ಸತ್ತಿರೋವು ಮೊರದಾಗೆ. ಜೀವ ಇರೋವು ನಮ್ಮ ಕೋಳೀಗ್ ಆಯ್ತವೆ ಅಂತ ಡಬ್ಬೀಗಾಕ್ಕೊಂಡೆ."

ಊಟದ ಡಬ್ಬಿ ಬಂತು. ನಾಗರತ್ನ ಮುಚ್ಚಳ ತೆಗೆದಳು. ಒಳಗೆ ಹುಳುಗಳು ಒಂದರ ಮೇಲೊಂದು ಹತ್ತುತ್ತಿದ್ದವು. "ಯಾವ ಬಕೆಟ್ಟಿಂದು ಇವು?"

"ಎಚ್ಚು ಕಮ್ಮಿ ಎಲ್ಲಾ ನೀಲಿ ಬಟ್ಟೇವೇ ಕಣಮ್ಮ. ಕೆಂಪು ಬಟ್ಟೇದ್ರಾಗೆ ಮೂರೋ ನಾಕೋ ಬದ್ಕಿದ್ವು ಅಷ್ಟೆ. ಮಿಕ್ಕಿದ್ದೆಲ್ಲ ಸತ್ತೋಗಿದ್ವು. ಪಾಪ, ಏನ್ ತಿಂದ್ವೋ!"

ಎರಡು ತಿಂಗಳು ಹುಡುಕಿದ ಉತ್ತರ ಕೋಳಿಯ ಬುತ್ತಿಯಲ್ಲಿ ಸಿಕ್ಕಿತು. ನಾಗರತ್ನಳ ಮುಖ ಒಮ್ಮೆ ಅರಳಿತು, ಮರುಗಳಿಗೆ ಮತ್ತೆ ಬಾಡಿತು. "ಯಾವ ಬಕೆಟ್ಟಲ್ಲಿ ಎಷ್ಟು ಅಂತ ಗೊತ್ತಾಗಲ್ವಲ್ಲ ಸಾರ್."

ನಾನು ಅವಳ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದೆ, "ಈಗ ಇದೆಲ್ಲ ಮೇಡಂ ಹತ್ರ ಬೇಡಮ್ಮ. ಹೇಗೋ ನಿಭಾಯಿಸೋಣ." ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಇಪ್ಪತ್ತು ವರ್ಷದ ಪಾಠವೆಲ್ಲ ತಲೆ ತಗ್ಗಿಸಿತು.

ಸಮಾರೋಪ ಶುರುವಾಯಿತು. ಹಣತೆ ಪ್ರಜ್ವಲಿಸಿತು. ನಾಗರತ್ನಳ ಸರದಿ ಬಂದಾಗ ಅವಳು ಮೊದಲ ಮಾತೇ ಹೀಗೆಂದಳು:

"ಮೇಡಂ, ನೀವು ಬರೋವಾಗ ತುಳ್ಕೊಂಡು ಬಂದ್ರಲ್ಲ, ಅದೇ ನನ್ನ ಪ್ರಯೋಗ."

ನಾನು ಹೂಕುಂಡದ ಹಿಂದೆ ಸರಿದೆ. ಅವಳು ಒಂದೂ ಬಿಡದೆ ಹೇಳಿದಳು. ನನ್ನ ಕೈಬೀಸನ್ನೂ ಹೇಳಿದಳು. ಮುನಿಯಮ್ಮನನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸಿದಳು. ಮೇಡಂ ಕನ್ನಡಕ ತೆಗೆದು ಕಣ್ಣೀರು ಬರುವ ತನಕ ನಕ್ಕರು. ಆಮೇಲೆ ನಗು ನಿಲ್ಲಿಸಿದರು.

"ಈ ಎಣಿಕೆ ಒಪ್ಪೋಕಾಗಲ್ಲಮ್ಮ. ಮೊದಲಿಂದ ಮತ್ತೆ ಮಾಡ್ಬೇಕು."

"ಮಾಡ್ತೀನಿ ಮೇಡಂ."

"ಮಾಡಿ ಮುಗಿಸ್ಕೊಂಡು ಬಾ. ಜಾಗ ನಿನಗೇ ಇಟ್ಟಿರ್ತೀನಿ. ಕೆಟ್ಟಿದ್ದನ್ನ ಕೆಟ್ಟಿತು ಅಂತ ಎದುರಿಗೆ ನಿಂತು ಹೇಳೋ ಮಕ್ಕಳು ನನಗೆ ಬೇಕು." ಆಮೇಲೆ ಹೂಕುಂಡದ ಕಡೆ ತಿರುಗಿ, "ಕರ್ತವ್ಯ ಅಂದ್ರಲ್ಲ, ಇನ್ನು ಸಗಣಿ ತರೋ ಕರ್ತವ್ಯ ನಿಮ್ಮದು" ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಪ್ರಿನ್ಸಿಪಾಲರು.

ಮುಂದಿನ ಎರಡು ತಿಂಗಳು ಕ್ಯಾಸಂಬಳ್ಳಿಯಿಂದ ಸಗಣಿ ಬಂದದ್ದು ನನ್ನ ಸ್ಕೂಟರಿನಲ್ಲಿ. ವಸಂತ ನನ್ನ ಅಂಗಿಗಳನ್ನು ಬೇರೆಯೇ ನೆನೆಸತೊಡಗಿದಳು. ಬಕೆಟ್ಟುಗಳ ಕಾವಲು ಮುನಿಯಮ್ಮನದು, ನಾನು ವರಾಂಡದ ಕಡೆ ಹೋದರೆ "ಏನ್ ಬೇಕಿತ್ತು ಸಾ?" ಎಂದು ಪೊರಕೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಈ ಸಲ ಎಣಿಕೆ ಸರಿಯಾಗಿಯೇ ಆಯಿತು.

ಬೆಂಗಳೂರಿಗೆ ಹೊರಡುವ ಮುಂಚೆ ನಾಗರತ್ನ ವರದಿ ತಂದು ಸಹಿಗೆ ಇಟ್ಟಳು. ನಾನು ಕನ್ನಡಕ ಹಾಕಿಕೊಂಡು ಗಂಭೀರವಾಗಿ ಪುಟ ತಿರುವಿದೆ. ಕೊನೆಯಲ್ಲಿ "ಪ್ರಯೋಗದಲ್ಲಿ ದೋಷಕ್ಕೆ ಕಾರಣವಾಗಬಲ್ಲ ಅಂಶಗಳು" ಎಂಬ ಪಟ್ಟಿಯಿತ್ತು. ಒಂದು, ಮಳೆ. ಎರಡು, ಇರುವೆ. ಮೂರು, ಮಾರ್ಗದರ್ಶಕರು.

"ವಿಜ್ಞಾನದಲ್ಲಿ ನಿಜ ಬರೀಬೇಕು ಅಂತ ನೀವೇ ಪಾಠ ಮಾಡಿದ್ರಿ ಸಾರ್," ಎಂದಳು ಮೆಲ್ಲಗೆ.

ಅದರ ಕೆಳಗೆ ಅಚ್ಚಾಗಿತ್ತು: "ಮೇಲಿನ ವಿವರಗಳೆಲ್ಲವನ್ನೂ ಪರಿಶೀಲಿಸಿದ್ದೇನೆ, ಎಲ್ಲವೂ ಸತ್ಯವಾಗಿವೆ."

ಸಹಿ ಹಾಕಿದೆ. ಸೀಲೂ ಒತ್ತಿದೆ.