ಇಟ್ಟ ಹೆಸರು ಕರೆಯೋದಕ್ಕೇನು ಧಾಡಿ?

ನಾನು ಕನ್ನಡ ಮೇಡಂ. ಮೊದಲು ಸೊರಬದ ಕಡೆ ಇದ್ದೆ, ಈಗ ಶಿಕಾರಿಪುರದ ಕಡೆ ಹೈಸ್ಕೂಲಿನಲ್ಲಿದ್ದೇನೆ. ಶಾಲೆ ಬದಲಾಯಿತು, ಸಹೋದ್ಯೋಗಿಗಳು ಬದಲಾದರು, ಒಂದು ರೋಗ ಮಾತ್ರ ಎರಡೂ ಕಡೆ ಒಂದೇ. ಮಕ್ಕಳ ಹೆಸರು ಕಲಿಯುವುದಿಲ್ಲ ಎಂಬ ಹಟ. ಅಪ್ಪ ಅಮ್ಮ ತೊಟ್ಟಿಲು ಕಟ್ಟಿ, ನೆಂಟರನ್ನೆಲ್ಲ ಕರೆದು, ಕಿವಿಯಲ್ಲಿ ಕೂಗಿ ಇಟ್ಟ ಹೆಸರು. ಅದನ್ನು ಕರೆಯಿರಪ್ಪಾ ಅಂದರೆ, "ಅಷ್ಟು ಜನರದ್ದು ಎಲ್ಲಿ ನೆನಪಿರುತ್ತೆ ಮೇಡಂ?" ಅನ್ನುತ್ತಾರೆ. ಕ್ರಿಕೆಟ್ ಆಟಗಾರರ ಹೆಸರು ಮಾತ್ರ ಅವರ ಹೆಂಡಂದಿರ ಹೆಸರಿನ ಸಮೇತ ನೆನಪಿರುತ್ತದೆ! ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಆದರೂ ಇಂಥವು ಆಗುತ್ತಲೇ ಇರುತ್ತವೆ.

ಜಡೆ

ಸೊರಬದ ಶಾಲೆಗೆ ಸಮಾಜ ವಿಜ್ಞಾನಕ್ಕೆ ಹೊಸ ಮೇಷ್ಟ್ರು ಬಂದರು. ಮಕ್ಕಳನ್ನು ಊರಿನ ಹೆಸರಿನಿಂದ ಕರೆಯುವುದು ಅವರ ಪದ್ಧತಿ. "ಏ ಕ್ಯಾಸನೂರು, ಬೋರ್ಡ್ ಒರೆಸು" ಅಂದರೆ ಕ್ಯಾಸನೂರಿನಿಂದ ಬರುವ ಹುಡುಗ ಎದ್ದು ಒರೆಸಬೇಕು. ಬಂದ ಮೊದಲ ವಾರವೇ ಒಂದು ದಿನ, ಜಡೆ ಊರಿನ ಹುಡುಗಿ ಪಕ್ಕದವಳ ಹತ್ತಿರ ಪಿಸುಗುಡುತ್ತಿದ್ದಳು. ಮೇಷ್ಟ್ರು ಗುಡುಗಿದರು, "ಏ ಜಡೆ! ಎದ್ದು ನಿಲ್ಲು!"

ತರಗತಿಯ ಹುಡುಗಿಯರೆಲ್ಲ ದಡಬಡ ಎದ್ದು ನಿಂತರು.

"ನೀವೆಲ್ಲ ಎಂತಕ್ಕೆ ನಿಂತ್ರಿ?"

"ಎಲ್ರಿಗೂ ಎರಡೆರಡು ಇದೆಯಲ್ಲ ಸಾರ್, ಯಾರು ಅಂತ ಗೊತ್ತಾಗ್ಲಿಲ್ಲ."

ಕೂತಿದ್ದವಳು ಒಬ್ಬಳೇ, ಆ ಜಡೆ ಊರಿನವಳು. ತಲೆ ತುಂಬ ಹೇನಾಗಿದೆ ಅಂತ ಅವಳಮ್ಮ ಹಿಂದಿನ ಭಾನುವಾರವಷ್ಟೇ ಕೂದಲು ಕತ್ತರಿಸಿ ಹಾಕಿದ್ದಳು.

"ನಂಗೆ ಜಡೆ ಇಲ್ಲ ಸಾರ್" ಎಂದಳು.

ಎಕ್ಸ್ ಬೆಲೆ

ಶಿಕಾರಿಪುರದ ಕಡೆ ಬಂದ ಮೇಲೆ ಸಿಕ್ಕವರು ಲೆಕ್ಕದ ಮೇಷ್ಟ್ರು. ಇವರು ಮಕ್ಕಳನ್ನು ಕರೆಯುವುದು ಹಾಜರಿ ನಂಬರಿನಿಂದ. ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಕೇಳಿದ್ದಾರೆ, "ಹಾಗಾದ್ರೆ ಎಕ್ಸ್ ಎಷ್ಟು?"

ಮುಂದಿನ ಬೆಂಚಿನವರು ಒಕ್ಕೊರಲಿನಿಂದ, "ಹದಿನೇಳು!"

ಊಟದ ಮಂಪರಿನಲ್ಲಿದ್ದ ಹದಿನೇಳನೇ ನಂಬರಿನ ಹುಡುಗಿ ಬೆಚ್ಚಿಬಿದ್ದು ಎದ್ದು ನಿಂತಳು. "ನಾನೇನೂ ಮಾಡಿಲ್ರೀ ಸಾರ್!"

ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ಈಗಲಾದರೂ ಬುದ್ಧಿ ಬಂದೀತು ಅಂದುಕೊಂಡೆ. ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಎದೆಯುಬ್ಬಿಸಿ ಹೇಳಿದರು, "ನೋಡಿದ್ರಾ ಮೇಡಂ? ನಂಬರ್ ಅಂದ್ರೆ ನಿದ್ದೇಲೂ ಏಳ್ತಾರೆ!"

ಆಟದಲ್ಲಿ ಮುಂದೆ

ನಮ್ಮ ಹೆಡ್ ಮಾಸ್ಟರ್ ಹತ್ತಿರ ಯಾವ ತಂದೆತಾಯಿ ಬಂದರೂ ಒಂದೇ ಉತ್ತರ. ಒಮ್ಮೆ ನಾನೂ ಅಲ್ಲೇ ಇದ್ದಾಗ ಈಸೂರಿನ ಕಡೆಯ ಕುರಿ ಸಾಕುವವರೊಬ್ಬರು ಬಂದು, ಟವೆಲ್ ಕೊಡವಿ ನಿಂತು, "ನಮ್ಮ ಹುಡುಗನ ವಿಷ್ಯಾರೀ ಸರ..." ಅನ್ನುವಷ್ಟರಲ್ಲಿ ಇವರು ಶುರುಮಾಡಿದರು.

"ಒಳ್ಳೇ ಹುಡುಗ. ಓದಿನಲ್ಲಿ ಸುಮಾರು, ಆಟದಲ್ಲಿ ಮುಂದೆ. ನಿನ್ನೆ ಕೂಡ ಕಬಡ್ಡೀಲಿ ಏನು ಓಡಿದ ಅಂತೀರಿ!"

ಆ ಮನುಷ್ಯ ಗಾಬರಿಯಿಂದ ನನ್ನ ಮುಖ ನೋಡಿದರು. "ಅಲ್ರೀ ಮೇಡಂ, ಅವ ಕಾಲು ಮುರಕೊಂಡು ಮನ್ಯಾಗ ಮಲಗ್ಯಾನ. ನಾ ರಜಾ ಕೇಳಾಕ ಬಂದೀನಿ!"

ಬಳ್ಳಿಗಾವಿಯಿಂದ ವಾಪಸ್

ಇದರ ಮುಂದೆ ಅವೆಲ್ಲ ಏನೂ ಅಲ್ಲ. ಮಕ್ಕಳನ್ನು ಬಳ್ಳಿಗಾವಿಯ ದೇವಸ್ಥಾನ ನೋಡಲು ಕರೆದುಕೊಂಡು ಹೋಗಿದ್ದೆವು. ಅದೇ ಹೊತ್ತಿಗೆ ಇನ್ನೊಂದು ಶಾಲೆಯ ಬಸ್ಸೂ ಬಂದಿತ್ತು. ಅವರದೂ ನಮ್ಮದೂ ಒಂದೇ ಬಣ್ಣದ ಯೂನಿಫಾರಂ. ಹೊರಡುವಾಗ ನಾನು, "ಹೆಸರು ಕೂಗೋಣ" ಅಂದೆ. ನಮ್ಮ ಪಿ.ಟಿ. ಮೇಷ್ಟ್ರು, "ಅಷ್ಟೊತ್ತು ಯಾರು ಕೂಗ್ತಾರ್ರೀ? ತಲೆ ಎಣಿಸಿದ್ರಾತು" ಅಂತ ಟಪಟಪ ತಲೆ ಮುಟ್ಟಿ ಎಣಿಸಿದರು. ಲೆಕ್ಕ ಸರಿ ಬಂತು. ಬಸ್ಸು ಹೊರಟಿತು.

ಸ್ವಲ್ಪ ದೂರ ಬಂದಿದ್ದೇವೆ, ಕಿಟಕಿ ಪಕ್ಕ ಒಂದು ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ಯಾಕಮ್ಮ, ವಾಂತಿ ಬರ್ತಿದೆಯಾ?"

"ಇಲ್ಲ ಮೇಡಂ. ಇದು ನಮ್ಮ ಬಸ್ಸಲ್ಲ."

ನನ್ನ ಜೀವ ಬಾಯಿಗೆ ಬಂತು. ಬಸ್ಸು ನಿಲ್ಲಿಸಿ ಒಬ್ಬೊಬ್ಬರದೇ ಹೆಸರು ಕೂಗಿದೆ. ಎಂಟನೇ ತರಗತಿಯ ಮಂಜುನಾಥ ಇಲ್ಲ!

"ಲೆಕ್ಕ ಸರಿ ಐತಲ್ರೀ!" ಅಂದರು ಪಿ.ಟಿ. ಮೇಷ್ಟ್ರು.

"ಲೆಕ್ಕ ಸರಿ ಇದೆ ರೀ, ಮಕ್ಕಳು ತಪ್ಪಿದಾರೆ!"

ಪುಣ್ಯಕ್ಕೆ ಹುಡುಗಿಗೆ ಅಪ್ಪನ ಫೋನ್ ನಂಬರು ಬಾಯಿಪಾಠವಿತ್ತು. ಅವರಿಂದ ಆ ಶಾಲೆಯ ಮೇಷ್ಟ್ರ ನಂಬರು ಸಿಕ್ಕಿತು. ಫೋನ್ ಮಾಡಿ ವಿಷಯ ಹೇಳಿದರೆ ಅವರೂ, "ನಮ್ಮ ಲೆಕ್ಕ ಸರಿಯಾಗೇ ಇದೆಯಲ್ಲ ಮೇಡಂ?" ಅನ್ನಬೇಕೇ!

"ಮೊದಲು ಮಂಜುನಾಥ ಅಂತ ಕೂಗಿ!"

ಕೂಗಿದರು. ಅತ್ತಲಿಂದ "ನಾನು ಸಾರ್, ನಾನು ಸಾರ್" ಅಂತ ಗದ್ದಲ.

"ಮೇಡಂ, ನಾಲ್ಕು ಜನ ಎದ್ದಿದಾರೆ. ಇದರಲ್ಲಿ ನಿಮ್ಮವನು ಯಾರು?"

"ನಿಮ್ಮವರು ಯಾರು ಅಂತ ನೀವು ಹೇಳ್ರೀ!"

ಅವರು ಹುಡುಗರನ್ನೇ ಕೇಳುವುದು ಫೋನಿನಲ್ಲಿ ಕೇಳಿಸಿತು, "ಏಯ್, ನಿಮ್ಮಲ್ಲಿ ನಮ್ಮ ಶಾಲೆಯವರು ಯಾರ್ರೋ?"

ಕೊನೆಗೆ ಎರಡೂ ಬಸ್ಸು ದಾರಿಯಲ್ಲಿ ಸಂಧಿಸಿದವು. ಹುಡುಗಿಯನ್ನು ಅತ್ತ ಕೊಟ್ಟೆವು. ಮಂಜುನಾಥ ನಿದ್ದೆಗಣ್ಣು ಉಜ್ಜುತ್ತ ಇಳಿದು ಬಂದ. ತಬ್ಬಿಕೊಳ್ಳಲೋ, ನಾಲ್ಕು ಬಿಗಿಯಲೋ ತಿಳಿಯದೆ ಕೇಳಿದೆ, "ಬೇರೆ ಶಾಲೆಯ ಮೇಷ್ಟ್ರು ಅಂತ ಗೊತ್ತಾಗ್ಲಿಲ್ವೇನೋ?"

"ಹಿಂದಿನಿಂದ 'ಏಯ್, ಹತ್ತೋ' ಅಂದ್ರು ಮೇಡಂ. ನಮ್ಮ ಸಾರೇ ಅಂದ್ಕೊಂಡೆ."