ಭಾವನವರ ಮೂಗು, ಅಮೆರಿಕದ ಹೊಗೆಸೊಪ್ಪು

ಸಿಂಚನಾ, ಕೊಟ್ರೇಶಾ,

ನಿಮ್ಮ ದೊಡ್ಡಜ್ಜನಿಗೆ, ಅಂದರೆ ತೀರಿಹೋದ ನಿಮ್ಮ ಅಜ್ಜನ ಅಣ್ಣನಿಗೆ, ನನ್ನ ಭಾವನವರಿಗೆ, ದೇವರು ಮೊದಲು ಮೂಗು ಮಾಡಿ, ಅದನ್ನು ಹೊತ್ತು ತಿರುಗಲಿಕ್ಕೆ ಒಬ್ಬ ಮನುಷ್ಯ ಬೇಕಲ್ಲ ಎಂದು ಉಳಿದದ್ದನ್ನು ಆಮೇಲೆ ಅಂಟಿಸಿದನಂತೆ. ಇದು ನನ್ನ ಮಾತಲ್ಲ, ಕೊಟ್ಟೂರಿನ ಬಜಾರಿನ ಮಾತು. ನಾನು ಅಷ್ಟು ಧೈರ್ಯವಾಗಿ ಮಾತಾಡುವವಳಲ್ಲ ಎಂದು ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತೇನೆ. ಬಾಯಲ್ಲಿ ಬರದಿದ್ದದ್ದು ಕೈಯಲ್ಲಾದರೂ ಬಂದೀತೇನೋ ಎಂದು ಬರೆಯಲು ಕುಳಿತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡಿ. ನಗಲೇಬೇಕೆಂದರೆ ದೊಡ್ಡಜ್ಜನ ಸಂಗತಿಗೆ ನಗಿ, ಅವರಿಗೆ ಅದು ರೂಢಿಯಾಗಿದೆ.

ಮನೆಯ ಮುಂದಿನ ಕೋಣೆಯೇ ಅವರ ಹೊಗೆಸೊಪ್ಪಿನ ಅಂಗಡಿ. ಅಂಗಡಿಗೂ ಪಡಸಾಲೆಗೂ ನಡುವೆ ಒಂದು ಹಳೆಯ ಪರದೆ. ಸೊಪ್ಪು ಮಾರಲು ಬಂದವನು ಕಟ್ಟು ಬಿಚ್ಚಿದರೆ ಸಾಕು, ಭಾವನವರು ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದು ತೀರ್ಪು ಹೇಳುತ್ತಿದ್ದರು. "ಇದು ಬಿಸಿಲಾಗ ಒಣಗಿಲ್ಲ, ನಿನ್ನ ದನದ ಅಂಕಣದಾಗ ಒಣಗೈತಿ. ಬಾಜೂಕ ಕರು ಕಟ್ಟಿದ್ದಿ." ಮಾರುವವನು ಕಕ್ಕಾಬಿಕ್ಕಿಯಾಗಿ, ಕರುವಿನ ಬಣ್ಣವನ್ನೂ ಹೇಳುತ್ತಾರೇನೋ ಎಂದು ನೋಡುತ್ತ ನಿಲ್ಲುತ್ತಿದ್ದ.

ನನ್ನನ್ನು ನೋಡಲು ನಮ್ಮೂರು ಹಲವಾಗಲಿಗೆ ಬಂದಾಗಲೂ ಇದೇ ಕಥೆ. ಎಲ್ಲರೂ ಹೆಣ್ಣು ನೋಡುತ್ತಿದ್ದರೆ ಇವರು ಹೋಳಿಗೆಯ ಮೇಲಿನ ತುಪ್ಪ ಮೂಸುತ್ತಿದ್ದರು. "ಹೊತ್ತಿಲ್ಲ, ಹಸಿನೂ ಉಳಿದಿಲ್ಲ. ತಮ್ಮಗ ಇದ ಮನಿ ಹೆಣ್ಣು ತರೋಣು" ಎಂದರಂತೆ. "ಹುಡುಗಿ ಮಾರಿ ನೋಡಿದ್ಯೇನಪಾ?" ಎಂದು ನಮ್ಮ ಅತ್ತೆ ಕೇಳಿದರೆ, "ತುಪ್ಪ ಕಾಸಿದಾಕಿ ಆಕೀನ ಹೌದಿಲ್ಲವ್ವ? ಮತ್ತೇನು ನೋಡೋದೈತಿ?" ಎಂಬ ಉತ್ತರ. ತುಪ್ಪ ಕಾಸಿದ್ದು ನಮ್ಮ ಚಿಕ್ಕಮ್ಮ. ಆಕೆಗೆ ಆಗಲೇ ಮದುವೆಯಾಗಿ ಮಕ್ಕಳಿದ್ದರಿಂದ ನನ್ನನ್ನು ಕೊಟ್ಟರು.

ಹಾಗಾದರೆ ಅವರೇಕೆ ಮದುವೆಯಾಗಲಿಲ್ಲ ಎಂದು ನೀವು ಕೇಳಬಹುದು. ಹೆಣ್ಣು ನೋಡಲು ಹೋದ ಮೊದಲ ಮನೆಯಲ್ಲಿ ಸೀಮೆಎಣ್ಣೆ ವಾಸನೆ, ಎರಡನೆಯದರಲ್ಲಿ ಮುಗ್ಗಿದ ಜೋಳದ ವಾಸನೆ. ಮೂರನೆಯ ಮನೆ ಎಲ್ಲ ರೀತಿಯಿಂದಲೂ ಒಪ್ಪಿಗೆಯಾಯಿತು. ಆದರೆ ಹುಡುಗಿಗೂ ಮೂಗಿತ್ತು. ಇವರ ಮೈಯ ಹೊಗೆಸೊಪ್ಪಿನ ವಾಸನೆ ಹಿಡಿದು ಆಕೆಯೇ ಬೇಡವೆಂದಳು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಒಮ್ಮೆ ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಬಸ್ಸಿನಲ್ಲಿ ಹೋಗುವಾಗ ಹಂಪಸಾಗರದ ಹತ್ತಿರ ಎದ್ದು ನಿಂತು, "ಬಸ್ಸಿನ ಹೊಟ್ಟ್ಯಾಗ ಏನೋ ಸೀಯಾಕತ್ತೈತಿ, ಇಳಸ್ರಿ" ಎಂದರಂತೆ. ಕಂಡಕ್ಟರು, "ಯಜಮಾನ್ರ, ಅದು ನಿಮ್ಮ ಕೈಚೀಲದಾಗಿನ ಹೊಗೆಸೊಪ್ಪಿರಬೇಕು ನೋಡ್ರಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಇವರು ಇಳಿದು ನಡೆದರು. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಬಸ್ಸು ಹೊಗೆ ಬಿಡುತ್ತ ರಸ್ತೆಯ ಮಗ್ಗುಲಿಗೆ ನಿಂತಿತ್ತು, ಜನ ಜಾಲಿಮರದ ಕೆಳಗೆ ಕುಳಿತಿದ್ದರು. ಇವರು ತಲೆಯೆತ್ತಿಯೂ ನೋಡದೆ ದಾಟಿ ಹೋದರು. ಹಾಗೆ ದಾಟುವಾಗ ಕೈಚೀಲವನ್ನು ಕಂಡಕ್ಟರಿನ ಮೂಗಿನ ಹತ್ತಿರವೇ ಹಾಯಿಸಿದರಂತೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಅವರು ನನಗೆ ಹೇಳಿದ್ದಲ್ಲ, ಅಂಗಡಿಯ ಮಾತನ್ನು ಪರದೆಯ ಹಿಂದಿನಿಂದ ಕೇಳಿಸಿಕೊಂಡದ್ದು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲಬಾರದು, ನೇರವಾಗಿ ಮಾತಾಡಬಾರದು. ಈಗ ಇದನ್ನೆಲ್ಲ ಯಾರು ನೋಡುತ್ತಾರೆ? ನನ್ನ ಸೊಸೆ, ನಿಮ್ಮ ಅಮ್ಮ, ಹರಪನಹಳ್ಳಿಯಿಂದ ಬಂದಾಗಲೆಲ್ಲ ಅವರ ಜೊತೆ ಇಸ್ಪೀಟು ಆಡಿ ಸೋಲಿಸುತ್ತಾಳೆ. ಆದರೆ ನಾನು ಹಳೆಯ ಕಾಲದವಳು, ಅದರ ಮೇಲೆ ನಾಚಿಕೆಯವಳು. ನಿಮ್ಮ ಅಜ್ಜ ಇದ್ದಾಗ ಅವರ ಮೂಲಕ ಮಾತು, ಅವರು ಹೋದ ಮೇಲೆ ಅತ್ತೆಯ ಮೂಲಕ. ಅತ್ತೆಯೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ಭಾವನವರು, ಪಡಸಾಲೆಯ ಪಕ್ಕದ ದನದ ಅಂಕಣದಲ್ಲಿ ಎಮ್ಮೆ. ಬೇರೆ ದಾರಿ ಏನಿತ್ತು?

"ಎಮ್ಮೀ, ರೊಟ್ಟಿ ಆಗ್ಯಾವ ಅಂತ ಹೇಳು" ಎಂದು ನಾನು ಬಾಗಿಲ ಮರೆಯಿಂದ ಹೇಳುತ್ತಿದ್ದೆ.

"ಎಮ್ಮೀ, ಬಂದೆ ಅನ್ನು. ಚಟ್ನಿ ಖಾರ ಕಮ್ಮಿ ಇರಲಿ ಅನ್ನು" ಎಂದು ಅವರು ಅಂಗಡಿಯಿಂದ ಕೂಗುತ್ತಿದ್ದರು.

ಎಮ್ಮೆ ಮೆಲುಕು ಹಾಕುತ್ತ ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿತ್ತು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆ ತಿರುಚಿ ಹೇಳದ ಸಂಬಂಧಿಕರು ನನಗೆ ಸಿಕ್ಕಿದ್ದು ಅದೊಂದೇ.

ಹೋದ ಮಳೆಗಾಲ ಭಾವನವರು ಜ್ವರ ಬಂದು ಹಾಸಿಗೆ ಹಿಡಿದರಲ್ಲ, ಗುಣವಾಗಿ ಎದ್ದ ಮೇಲೆ ಒಂದು ದಿನ ನಾನು ಹಿತ್ತಿಲಲ್ಲಿ ಸಗಣಿಯ ಕುಳ್ಳು ಒಟ್ಟುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿ, ಎದುರಿನ ಮಂಡಕ್ಕಿ ಅಂಗಡಿಯ ಸಿದ್ದಲಿಂಗಪ್ಪ ರಸ್ತೆ ದಾಟಿ ಓಡಿ ಬಂದ. ಭಾವನವರು ಪರದೆಯ ಆಚೆಯೇ ಕುಳಿತು ಪೇಪರು ಓದುತ್ತಿದ್ದರು. "ಏನ್ರೀ ಇದು, ಮನಿಗೆ ಮನಿ ನಾರಾಕತ್ತೈತಿ" ಎಂದು ಅವನು ಕೇಳಿದರೆ, "ಮೊದ್ಲು ಯಾರು ಓಡಿ ಬರ್ತೀರಿ ಅಂತ ನೋಡಾಕತ್ತಿದ್ದೆ" ಎಂದರು. ಸಿದ್ದಲಿಂಗಪ್ಪ ನಗುತ್ತ ಹೋದ. ನನಗೆ ನಗು ಬರಲಿಲ್ಲ. ಮೊದಲಾಗಿದ್ದರೆ ಒಗ್ಗರಣೆಯ ಒಂದು ಸಾಸಿವೆ ಹೆಚ್ಚು ಕಪ್ಪಾದರೂ ಅಂಗಡಿಯಿಂದ ಎಮ್ಮೆಗೆ ಹೇಳಿ ಕಳಿಸುವವರು. ಆಮೇಲೆ ಗಮನಿಸಿದೆ. ಸೊಪ್ಪನ್ನು ಮೊದಲಿನಂತೆಯೇ ಮೂಗಿಗೆ ಹಿಡಿಯುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಆದರೆ ತೀರ್ಪು ಹೇಳುತ್ತಿದ್ದದ್ದು ಬೆರಳು. ಎಲೆಯನ್ನು ಮಡಿಸಿ, ತಿಕ್ಕಿ, ಮುರಿದು ನೋಡಿ ಆಮೇಲೆ ಬಾಯಿ ಬಿಡುತ್ತಿದ್ದರು. ಹಳಸಿದ ಸಾರನ್ನೂ ಒಮ್ಮೆ ಹೊಗಳಿ ಉಂಡರು. ಮೂಗು ಹೋಗಿತ್ತು. ಅದನ್ನು ಅವರು ಎಮ್ಮೆಗೂ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲೇ ಆ ಅಮೆರಿಕದವನು ಬಂದ.

ಕೂಡ್ಲಿಗಿ ಕಡೆಯ ಗುಡ್ಡಗಳ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳಿವೆಯಲ್ಲ, ಅವುಗಳ ರಿಪೇರಿಗೆಂದು ಬಂದ ಮುದುಕ ಎಂಜಿನಿಯರು. ಫ್ಯಾನಿನ ಕಂಬಕ್ಕೇ ಮೀಸೆ ಬಂದಂತಿದ್ದ. ಕಡ್ಡಿಪೆಟ್ಟಿಗೆ ಬೇಕೆಂದು ಅವನ ಕಾರಿನ ಡ್ರೈವರು, ಗುಡೇಕೋಟೆಯವನು, ನಮ್ಮ ಅಂಗಡಿಗೆ ಕರೆತಂದ. ಹೊಗೆಸೊಪ್ಪಿನ ಕಟ್ಟುಗಳನ್ನು ನೋಡಿದ್ದೇ ಮುದುಕನಿಗೆ ಅಂಗಡಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಸಿದ್ದಲಿಂಗಪ್ಪ ಬಿಡುತ್ತಾನೆಯೇ? ನಮ್ಮವರ ಮೂಗಿನ ಪುರಾಣವನ್ನೆಲ್ಲ ಬಸ್ಸಿನ ಸಮೇತ ಡ್ರೈವರಿನ ಮೂಲಕ ಅವನ ಕಿವಿಗೆ ಹಾಕಿದ. ಮುದುಕ ಚೀಲದಿಂದ ಒಂದು ತಗಡಿನ ಡಬ್ಬಿ, ಒಂದು ಹೊಸ ಪೈಪು ತೆಗೆದು ಇಟ್ಟ.

ಡ್ರೈವರು ಹೇಳಿದ: "ಇವರ ಅಜ್ಜನ ಕಾಲದ ಬೆರಕಿ ಸೊಪ್ಪಂತ್ರಿ. ನಾಕಾರು ನಮೂನಿ ಕೂಡಿಸಿ ಮಾಡ್ತಾರಂತ. ಏನೇನು ಐತಿ ಅಂತ ನಿಮ್ಮ ಮೂಗು ಹೇಳಿದ್ರ ಎದ್ದು ನಿಂತು ಕೈ ಮುಗೀತೀನಿ ಅಂತಾನ. ಬರೋ ವಾರ ಊರಿಗೆ ಹೊಂಟಾನ. ಹೋಗೋ ಮುಂದ ಬರ್ತಾನಂತ."

"ಬರ್ಲಿ, ಬರ್ಲಿ" ಎಂದರು ಭಾವನವರು. ಪೈಪನ್ನು ತಿರುಗಿಸಿ ನೋಡಿದರು. ಅದು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿನಿಂದ ಮಾಡಿದ್ದು. "ಇದನ್ನ ಹರಪನಹಳ್ಳ್ಯಾಗ ನೀರೊಲಿಗೆ ಹಾಕ್ತಾರ. ಇವರು ಹಿಡಿಕಿ ಹಚ್ಚಿ ಬಾಯಾಗ ಇಟ್ಕಂತಾರ. ಅಲ್ಲೂ ಹೊಗಿ, ಇಲ್ಲೂ ಹೊಗಿ. ಇಲ್ಲಿ ಜಳಕ ಆದ್ರೂ ಆಗ್ತೈತಿ."

ಎಲ್ಲರೂ ನಕ್ಕರು. ಬರುವ ವಾರ ಇಡೀ ಬಜಾರು ಇಲ್ಲಿರುತ್ತದೆ, ಮಂಡಕ್ಕಿ ಮಿರ್ಚಿ ತನ್ನದು ಎಂದು ಸಿದ್ದಲಿಂಗಪ್ಪ ಸಾರಿದ. ಪರದೆಯ ಹಿಂದೆ ನಾನು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದೆ.

ಮರುದಿನ ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕುಳಿತು ಡಬ್ಬಿ ತೆಗೆದರು. ಮೂಸಿದರು. ಅಂಗೈಯಲ್ಲಿ ಹಾಕಿ ತಿಕ್ಕಿ ಮೂಸಿದರು. ಪೈಪಿನಲ್ಲಿ ತುಂಬಿ ಒಂದೇ ದಮ್ಮು ಎಳೆದು, ಕೆಮ್ಮಿ ಆರಿಸಿದರು, ಮತ್ತೆ ಮೂಸಿದರು. ನಮ್ಮ ಅಂಗಡಿಯ ಒಂದು ಎಲೆಯನ್ನೂ ಮೂಸಿದರು, ಅಮೆರಿಕದ್ದು ಮಾತ್ರ ತಮ್ಮ ಮೇಲೆ ಮುನಿಸಿಕೊಂಡಿದೆಯೋ, ನಮ್ಮದೂ ಮುನಿಸಿಕೊಂಡಿದೆಯೋ ಎನ್ನುವ ಹಾಗೆ. ಕೊನೆಗೆ ಡಬ್ಬಿಯನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

"ಎಮ್ಮೀ, ನಂದು ಮುಗೀತಲೇ" ಎಂದರು.

ನಾನು ಬಾಗಿಲ ಮರೆಯಿಂದ ಹೇಳಿದೆ: "ಎಮ್ಮೀ, ಆ ಡಬ್ಬಿ ಹೊಸ್ತಿಲ ಮ್ಯಾಲೆ ಇಡಾಕ ಹೇಳು."

ಆಮೇಲೆ ಡಬ್ಬಿ ಹೊಸ್ತಿಲ ಮೇಲೆ ಬಂತು. ನಾನು ಅದನ್ನು ಮೂಗಿಗೆ ಹಿಡಿದೆ. ಹೊಗೆಸೊಪ್ಪೆಂದರೆ ಮೂಗು ಮುಚ್ಚಿಕೊಳ್ಳುವವಳು ನಾನು. ಆದರೆ ಮೊದಲು ಬಂದದ್ದು ಹೊಗೆಸೊಪ್ಪೇ ಅಲ್ಲ.

"ಎಮ್ಮೀ, ಹುರಿದ ಶೇಂಗಾ ವಾಸನಿ ಐತಿ ಅಂತ ಹೇಳು."

"ಎಮ್ಮೀ, ಹಸಿ ಹುರದದ್ದೋ, ಕೆಂಪಗ ಹುರದದ್ದೋ ಕೇಳು."

"ಕೆಂಪಗ ಅನ್ನು ಎಮ್ಮೀ. ಸಿಪ್ಪಿ ಸಮೇತ. ಅದರ ಹಿಂದ ಬೆಲ್ಲ ಐತಿ."

"ಎಮ್ಮೀ, ಅಚ್ಚಿನ ಬೆಲ್ಲನೋ, ಪಾಕನೋ ಕೇಳು."

"ಪಾಕ ಅನ್ನು ಎಮ್ಮೀ. ತಳ ಹಿಡಿಯಾಕ ಬಂದ ಪಾಕ. ಆಮ್ಯಾಲೆ ಮೊದಲ ಮಳಿಗೆ ನೆನೆದು ಒಣಗಿದ ಬಣವಿ ಇದ್ದಂಗ ಐತಿ."

"ಹಾಂ!" ಎಂದರು. "ಅದು ಹಳದಿ ಎಲಿ. ಶೇಂಗಾ ಅಂದದ್ದು ಕಂದು ಎಲಿ. ಎರಡು ಜಾತಿ ಕೂಡಿಸ್ಯಾರ. ಎಮ್ಮೀ, ಇನ್ನೊಮ್ಮೆ ಮೂಸಾಕ ಹೇಳು, ಈ ಸಲ ಸಣ್ಣಗ ಉಸಿರೆಳಿಬೇಕು, ಗಬಕ್ಕನ ಅಲ್ಲ."

ಹೀಗೆ ಆ ವಾರವೆಲ್ಲ ಪಾಠ ನಡೆಯಿತು. ನಾನು ಮೂಗು, ಅವರು ಬುದ್ಧಿ, ಎಮ್ಮೆ ತಂತಿ. ಮಸಾಲೆ ಡಬ್ಬಿಯ ಒಂದೊಂದೇ ಸಾಮಾನನ್ನು ತೆಗೆದು, ಇದರಂತೆಯೋ, ಅದರಂತೆಯೋ ಎಂದು ಹೋಲಿಸಿದೆವು. ಅವರು ತೀರ್ಪನ್ನು ಬಾಯಿಪಾಠ ಮಾಡಿದರು. ಮನೆಯಲ್ಲಿ ಇಷ್ಟು ಮಾತು ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಎಮ್ಮೆ ಆ ವಾರ ಹಾಲು ಕಡಿಮೆ ಕೊಟ್ಟಿತು. ದಣಿದಿತ್ತೇನೋ.

ಆ ದಿನ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಭಾವನವರು ವಿಭೂತಿ ಹಚ್ಚಿ, ಒಗೆದ ಧೋತರ ಉಟ್ಟು, ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದರು: ಶೇಂಗಾ, ಪಾಕ, ಬಣವೆ, ಎರಡು ಜಾತಿ ಎಲೆ. ಡ್ರೈವರು ಹೇಳಿದಂತೆಲ್ಲ ಮುದುಕ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ತನ್ನ ಪೈಪನ್ನು ಹೊತ್ತಿಸಿ ಅರ್ಧ ಸೇದಿ, ಹೊಗೆಯನ್ನು ಮೆಲ್ಲಗೆ ಬಿಟ್ಟು ಏನೋ ಕೇಳಿದ.

"ಅರ್ಧ ಸುಟ್ಟ ಮ್ಯಾಲೆ ಒಂದು ಹೊಸ ವಾಸನಿ ಏಳತೈತಂತ್ರಿ. ಮೂರನೇ ಎಲಿದು. ಅದು ಯಾವುದು ಹೇಳ್ರಿ ಅಂತಾನ" ಎಂದ ಡ್ರೈವರು.

ಇದು ಪಾಠದಲ್ಲಿ ಬಂದಿರಲಿಲ್ಲ. ನಾವು ಡಬ್ಬಿ ಮೂಸಿದ್ದೆವೇ ಹೊರತು, ಅರ್ಧ ಸುಟ್ಟ ಮೇಲಿನ ಹೊಗೆಯನ್ನು ನಾನು ಮೂಸಿರಲಿಲ್ಲ. ಭಾವನವರು ಕಣ್ಣು ಮುಚ್ಚಿದರು, ಉಸಿರೆಳೆದರು, ತೆರೆದರು, ಮತ್ತೆ ಮುಚ್ಚಿದರು. ಪರದೆಯ ಸಂದಿಯಿಂದ ಅವರ ಕೈ ನೋಡುತ್ತಿದ್ದೆ. ಬೆರಳುಗಳು ಧೋತರದ ಅಂಚನ್ನು ಮಡಿಸುತ್ತಿದ್ದವು, ಎಲೆ ಪರೀಕ್ಷೆ ಮಾಡುವ ಹಾಗೆ. "ಯಾಕ್ರಿ, ಮೂಗು ರಜಾ ಹಾಕೈತೇನು?" ಎಂದು ಯಾರೋ ಚೇಷ್ಟೆ ಮಾಡಿದರು.

ಅಷ್ಟರಲ್ಲಿ ಹೊಗೆ ಪರದೆಯ ಕೆಳಗಿನಿಂದ ನನ್ನ ತನಕ ಬಂತು. ಎಮ್ಮೆಯನ್ನು ಹಿತ್ತಿಲಿಗೆ ಕಟ್ಟಿದ್ದೆ. ಹೇಳಿ ಕಳಿಸಲು ಯಾರೂ ಇರಲಿಲ್ಲ.

"ಅಂಜೂರ ಅನ್ರಿ" ಎಂದೆ. "ಒಣ ಅಂಜೂರ. ಮುಗ್ಗಲ ಹತ್ತಿದ್ದು. ಮ್ಯಾಲೆ ಚೂರು ಮೆಣಸು."

ಮೆಲ್ಲಗೇ ಹೇಳಿದೆ ಎಂದುಕೊಂಡಿದ್ದೆ. ಅಂಗಡಿಯಲ್ಲಿ ಮಂಡಕ್ಕಿ ಅಗಿಯುವ ಸದ್ದೂ ನಿಂತಿತು. ನನಗೆ ನೆಲ ಬಿರಿದರೆ ಸಾಕಾಗಿತ್ತು. ಭಾವನ ಜೊತೆ ನಾನು ಆಡಿದ ಮೊದಲ ಮಾತು ಬಜಾರಿನ ಎದುರು ಆಡಿದ್ದಾಗಿತ್ತು, ಅವರ ಮಾನವನ್ನೂ ನಾನೇ ಕಳೆದಿದ್ದೆ.

ಭಾವನವರು ಕಣ್ಣು ತೆರೆದರು. ತಿರುಗಿ ಪರದೆಯ ಕಡೆ ನೋಡಿದರು.

"ಅಂಜೂರ ಅಂತ ಹೇಳೋ ತಮ್ಮ" ಎಂದರು ಡ್ರೈವರಿಗೆ. "ಇದೂ ಹೇಳು. ಜ್ವರದಾಗ ನನ್ನ ಮೂಗು ಹೋತು. ಈಗ ನನ್ನ ಮೂಗು ಪರದೀ ಹಿಂದ ಐತಿ. ಕೇಳೋದಿದ್ರ ಅಲ್ಲೇ ಕೇಳಂತ ಹೇಳು."

ಡ್ರೈವರು ಹೇಳಿದ. ಉತ್ತರ ಸರಿಯಿತ್ತು: ಮೂರನೆಯ ಎಲೆಯನ್ನು ಪೀಪಾಯಿಯಲ್ಲಿ ಒತ್ತಿ ಹುಳಿ ಬರಿಸುತ್ತಾರಂತೆ, ಅದಕ್ಕೇ ಅಂಜೂರದ ವಾಸನೆ. ಆ ಕಂಬದಂಥ ಮುದುಕ ಎದ್ದು ನಿಂತು, ಬಾಗಿ, ಪರದೆಗೆ ಕೈ ಮುಗಿದ. ಸಿದ್ದಲಿಂಗಪ್ಪನೂ ಎದ್ದು ಕೈ ಮುಗಿದ. ನಾನು ಎಲ್ಲಿದ್ದೆ ಎಂದು ಕೇಳುತ್ತೀರಾ? ಹಿತ್ತಿಲಲ್ಲಿ, ಎಮ್ಮೆಯ ಆಚೆ ಮಗ್ಗುಲಿಗೆ ಕುಳಿತಿದ್ದೆ.

"ತಂಗೆಮ್ಮ," ಎಂದು, ಒಡಹುಟ್ಟಿದ ತಂಗಿಯನ್ನು ಕರೆದಂತೆ, ಒಂದು ದನಿ ಕೇಳಿತು. ಭಾವನವರು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು, ಎಮ್ಮೆಯನ್ನು ನೋಡದೆ. "ಮಿರ್ಚಿ ಆರಾಕತ್ತಾವ. ಬಾರವ್ವ."

ಅಂದಿನಿಂದ ಪರದೆ ಒಂದು ಮಗ್ಗುಲಿಗೆ ಸರಿದಿದೆ. ಸೊಪ್ಪು ಬಂದರೆ ಒಂದು ಎಲೆ ನನ್ನ ಕೈಗೆ ಬರುತ್ತದೆ. ಎಮ್ಮೆಗೆ ಬಿಡುವು ಸಿಕ್ಕಿದೆ.

ಕಳೆದ ವಾರ ಅವರು ಊಟ ಮುಗಿಸಿ ಕೈ ತೊಳೆಯಲಿಲ್ಲ. ತಟ್ಟೆ ನೋಡುತ್ತ ಕುಳಿತಿದ್ದರು.

"ತಂಗೆಮ್ಮ, ಟ್ರಂಕಿನಾಗ ತಮ್ಮನ ಅಂಗಿ ಅದಾವಲ್ಲ. ಅದರಾಗ ಇನ್ನೂ ಅವನ ವಾಸನಿ ಐತೇನು? ನೋಡಿ ಹೇಳ್ತೀಯೇನು?"

ಆ ಟ್ರಂಕನ್ನು ನಾನು ಎಂದಿನಿಂದಲೋ ತೆಗೆದಿರಲಿಲ್ಲ. ತೆಗೆದೆ. ಮೊದಲು ಬಂದದ್ದು ಬರೀ ನುಸಿಗುಳಿಗೆ. ಅವರು ಕಲಿಸಿದಂತೆ ಸಣ್ಣಗೆ ಉಸಿರೆಳೆದೆ. ನಿಮ್ಮ ಅಜ್ಜ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರಲ್ಲ. ಕಾಲರಿನ ಮಡಿಕೆಯಲ್ಲಿ ಅದು ಇತ್ತು.

"ಶೇಂಗಾ ಹಿಂಡಿ ವಾಸನಿ ಐತ್ರಿ" ಎಂದೆ.

ಅವರು ಕಣ್ಣು ಮುಚ್ಚಿದರು. "ಸಂಜಿಕೆ ಬಂದು ಕುಂತ್ರ ಪಡಸಾಲಿ ಎಲ್ಲ ಅದ ವಾಸನಿ. ನನ್ನ ಸೊಪ್ಪು ಕೆಡ್ತೈತಿ, ಆಕಡೆ ಹೋಗಲೇ ಅಂತಿದ್ದೆ" ಎಂದರು. ಆಮೇಲೆ, "ಇನ್ನೊಮ್ಮೆ ಹೇಳು" ಎಂದರು. ಹೇಳಿದೆ.

ಮಕ್ಕಳೇ, ಅಮೆರಿಕದ ಸೊಪ್ಪು ಮುಗಿದಿದೆ. ಡಬ್ಬಿ ನನ್ನ ಹತ್ತಿರ ಇದೆ. ಈ ಹಾಳೆಗಳನ್ನು ಸುರುಳಿ ಸುತ್ತಿ ಅದರಲ್ಲೇ ಹಾಕುತ್ತೇನೆ. ನೀರು ಮುಟ್ಟಿಸಬೇಡಿ, ಇಲಿಗೆ ಸಿಗುವ ಕಡೆ ಇಡಬೇಡಿ, ಮುಚ್ಚಳ ಬಿಗಿಯಾಗಿ ಹಾಕಿ. ತೆಗೆದಾಗಲೆಲ್ಲ ಓದುವ ಮೊದಲು ಒಮ್ಮೆ ಮೂಸಿ, ಏನು ವಾಸನೆ ಬಂತೆಂದು ದೊಡ್ಡಜ್ಜನಿಗೆ ಹೇಳಿ. ನೇರವಾಗಿ ಹೇಳಿ, ನಾಚಿಕೊಳ್ಳಬೇಡಿ.